ಪಕ್ಕದ ಪುಸ್ತಕದ ನಂಬರು

ನಂಬರಕ್ಕ ತಪ್ಪು ಮಾಡುವುದಿಲ್ಲ ಎಂದು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ನಂಬರಕ್ಕನೇ. ಅದು ಜಂಬವಲ್ಲ, ರೂಢಿ. ಹದಿನಾಲ್ಕು ವರ್ಷ ಅದೇ ಗ್ರಂಥಾಲಯದ ಅದೇ ಕಿಟಕಿಯ ಪಕ್ಕ ಕೂತು, ಬಂದ ಪುಸ್ತಕವನ್ನೆಲ್ಲ ತಿರುವಿ ನೋಡಿ, ಇದು ಯಾವುದರ ಬಗ್ಗೆ ಎಂಬುದನ್ನು ಎರಡು ಮೂರು ಪದಗಳ ವಿಷಯಶೀರ್ಷಿಕೆಯಲ್ಲಿ ಹಿಡಿದು, ಒಂದು ನಂಬರು ಕೊಟ್ಟು, ಕಪಾಟಿನಲ್ಲಿ ಅದರ ಜಾಗ ತೋರಿಸಿದವಳು ಅವಳು. ಉಪ್ಪಿನ ಅಂದಾಜು ಸಿಕ್ಕಿದ ಅಡುಗೆಯವರು ಚಮಚ ಹುಡುಕುವುದಿಲ್ಲ. ಯಾರಾದರೂ ಬಂದು "ಬುಟ್ಟಿ ಹೆಣೆಯೋದು ಹೇಗೆ ಅಂತ ಏನಾದ್ರೂ ಇದೆಯಾ?" ಎಂದರೆ, ಕಂಪ್ಯೂಟರು ಕಣ್ಣು ಬಿಡುವುದರೊಳಗೆ "ಏಳುನೂರ ನಲವತ್ತಾರು, ಕಿಟಕಿ ಕಡೆ ಸಾಲು, ಮೊಣಕಾಲೆತ್ತರದಲ್ಲಿ" ಎಂದುಬಿಡುತ್ತಿದ್ದಳು.

ಆ ವರ್ಷ ಗ್ರಂಥಾಲಯ ಹಳೆಯ ಸಾಫ್ಟ್‌ವೇರು ಬಿಟ್ಟು ಹೊಸದಕ್ಕೆ ಹಾರಿತ್ತು. ನಲವತ್ತು ಸಾವಿರ ಪುಸ್ತಕಗಳ ದಾಖಲೆಗಳನ್ನು ಅವಳು ತೊಳೆದು ಒಣಗಿಸಿ ಹೊಸ ಮನೆಗೆ ಸೇರಿಸಿದ್ದಳು. ಉಳಿದದ್ದು ಪುಸ್ತಕಗಳ ಬೆನ್ನು. ಹಳೆಯ ಚೀಟಿಗಳ ಕೈಬರಹ ಮಾಸಿ ಮೂರು ಯಾವುದು ಎಂಟು ಯಾವುದು ಎಂದು ದೇವರೇ ಹೇಳಬೇಕಾಗಿತ್ತು. ಹೊಸ ಚೀಟಿ ಮುದ್ರಿಸಿ ಅಂಟಿಸುವ ಕೆಲಸಕ್ಕೆ ಹೊರಗಿನ ಕಂಪನಿಯೊಂದು ಬಾಯಿ ತೆರೆದುಕೊಂಡು ಕೂತಿತ್ತು. "ನಮ್ಮ ಜನರೇ ಮಾಡ್ತಾರೆ, ಜವಾಬ್ದಾರಿ ನಂದು" ಎಂದು ನಂಬರಕ್ಕ ಸಮಿತಿಯ ಮುಂದೆ ಎದ್ದು ನಿಂತು ಹೇಳಿದಳು. ಸಮಿತಿ ಷರತ್ತು ಹಾಕಿ ಒಪ್ಪಿತು. ಮೊದಲು ಈ ಮುಖ್ಯ ಕಟ್ಟಡ ಮುಗಿಸಿ, ಅಧ್ಯಕ್ಷೆ ಬಂದು ಪರೀಕ್ಷೆ ಮಾಡುತ್ತಾರೆ, ಪಾಸಾದರೆ ಹನ್ನೊಂದು ಶಾಖೆಗಳ ಕೆಲಸವೂ ನಿಮಗೆ, ಇಲ್ಲವಾದರೆ ಕಂಪನಿಗೆ.

ನಮ್ಮ ಜನ ಎಂದರೆ ಮೂವರು, ಮೂವರೂ ಗುತ್ತಿಗೆಯವರು. ಒಬ್ಬ ಅಂಟಣ್ಣ. ಬೈಂಡಿಂಗ್ ಅಂಗಡಿಯಲ್ಲಿ ಮೂವತ್ತು ವರ್ಷ ಅಂಟಿನಲ್ಲಿ ಕೈ ಅದ್ದಿದವನು, ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದ. ಮಾತು ಕಡಿಮೆ. ಇನ್ನಿಬ್ಬರು ಅಣ್ಣತಮ್ಮಂದಿರನ್ನು ಮದುವೆಯಾದ ಹೆಂಗಸರು, ಹಿರಿ ವಾರಗಿತ್ತಿ ಮತ್ತು ಕಿರಿ ವಾರಗಿತ್ತಿ. ಅಂಟಣ್ಣ ಆಡದ ಮಾತನ್ನೆಲ್ಲ ಅವರಿಬ್ಬರು ಹಂಚಿಕೊಂಡು ಆಡುತ್ತಿದ್ದರು. ಹನ್ನೊಂದು ಶಾಖೆ ಸಿಕ್ಕರೆ ಮೂವರಿಗೂ ಎರಡು ವರ್ಷದ ಕೆಲಸ. ಸಿಗದಿದ್ದರೆ ತಿಂಗಳ ಕೊನೆಗೆ ಮೂವರೂ ಮನೆಗೆ.

ಕೆಲಸದ ಕ್ರಮ ಅಂಟಣ್ಣ ಹೇಳಿಕೊಟ್ಟದ್ದು. ಕಿರಿ ವಾರಗಿತ್ತಿ ಪುಸ್ತಕ ಎಳೆದು ಅದರ ಬಾರ್‌ಕೋಡಿನ ಕೊನೆಯ ಮೂರು ಅಂಕಿ ಕೂಗಬೇಕು. ಅದೇ ಅಂಕಿ ಚೀಟಿಯ ಹರಿದು ಬಿಸಾಡುವ ಅಂಚಿನಲ್ಲಿದೆಯೇ ಎಂದು ನೋಡಿ ಹಿರಿ ವಾರಗಿತ್ತಿ "ಹೂಂ" ಎನ್ನಬೇಕು. ಹೂಂ ಬಿದ್ದ ಮೇಲೆ ಅಂಟಣ್ಣ ಅಂಟಿಸಬೇಕು. ಮೂವತ್ತೆಂಟು ಸಾವಿರ ಪುಸ್ತಕ ಹೀಗೆ ಕೂಗು, ಹೂಂ, ಅಂಟು ಎಂದು ಸಾಗಿ ಬಂತು. ಮುದ್ರಿಸಿದ ಚೀಟಿಗಳ ಕೊನೆಯ ಸುರುಳಿಗಳಿಗೆ ಬರುವಾಗ ದಿನ ಸಾಲದಾಯಿತು.

ಗುರುವಾರ ಮಧ್ಯಾಹ್ನ ನಂಬರಕ್ಕ ಬಂದು, "ಹೀಗೆ ಕೂಗ್ತಾ ಕೂತ್ರೆ ಮುಗಿಯಲ್ಲ. ನನ್ನ ಪಟ್ಟಿ ಕಪಾಟಿನ ಕ್ರಮದಲ್ಲೇ ಇದೆ, ಚೀಟಿಯೂ ಅದೇ ಕ್ರಮದಲ್ಲಿ. ಕಣ್ಣು ಮುಚ್ಚಿ ಅಂಟಿಸ್ತಾ ಹೋಗಿ" ಎಂದಳು.

"ಕೂಗಿದ್ರೆ ಒಳ್ಳೇದಿತ್ತು ಅಕ್ಕಾ" ಎಂದ ಅಂಟಣ್ಣ.

"ಪಟ್ಟಿ ನಂದು ಅಂಟಣ್ಣ."

ಅಲ್ಲಿಗೆ ಮಾತು ಮುಗಿಯಿತು. ಶುಕ್ರವಾರ ಸಂಜೆಗೆ ಕೆಲಸವೂ ಮುಗಿಯಿತು. ಸೋಮವಾರ ಆ ಕೋಣೆಗಳನ್ನು ಓದುಗರಿಗೆ ತೆರೆದರು. ಅಧ್ಯಕ್ಷೆ ಬರುವುದು ಆ ವಾರದ ಗುರುವಾರ ಹನ್ನೊಂದು ಗಂಟೆಗೆ.

ಮಂಗಳವಾರ ಬೆಳಿಗ್ಗೆ ಸಂಗೀತದ ಮೇಷ್ಟ್ರು ಬಂದರು. ನಿವೃತ್ತರಾದರೂ ಗಂಟಲು ನಿವೃತ್ತವಾಗಿರಲಿಲ್ಲ.

"ಏನಮ್ಮ ಇದು? ಕಂಪ್ಯೂಟರು ಕೊಟ್ಟ ನಂಬರು ಬರ್ಕೊಂಡು ಹೋದೆ. ನಂಬರು ಸಿಕ್ತು, ಪುಸ್ತಕ ಬೇರೆ. ನಾನು ಕೇಳಿದ್ದು ಮಕ್ಕಳಿಗೆ ಸಂಗೀತ ಕಲಿಸೋದು, ಕೈಗೆ ಬಂದದ್ದು ಸಂಗೀತಗಾರರ ಬೆನ್ನುನೋವು! ಬೆನ್ನುನೋವು ನನಗೆ ಆಗಲೇ ಇದೆ, ಓದಿ ಕಲೀಬೇಕಾಗಿಲ್ಲ."

"ಪಕ್ಕದಲ್ಲೇ ಇರುತ್ತೆ ಸಾರ್, ಯಾರೋ ಹಿಂದೆಮುಂದೆ ಇಟ್ಟಿರ್ತಾರೆ."

"ಪಕ್ಕದಲ್ಲಿ ಗೋಡೆ ಇದೆ."

ಅವಳು ನಗುತ್ತಲೇ ಎದ್ದು ಹೋದಳು. ಸಂಗೀತಕ್ಕೆ ಬೇರೆಯೇ ಕೋಣೆ. ಮೊದಲ ಕಪಾಟಿನ ಮೊದಲ ಪುಸ್ತಕವನ್ನು ತೆಗೆದು ನೋಡಿದಳು. ಬೆನ್ನಿನ ಮೇಲಿದ್ದದ್ದು ಮಕ್ಕಳಿಗೆ ಸಂಗೀತ ಕಲಿಸುವ ಪುಸ್ತಕದ ನಂಬರು, ಒಳಗಿದ್ದದ್ದು ಬೆನ್ನುನೋವು. ಎರಡನೆಯದನ್ನು ತೆಗೆದಳು. ಅದರ ಮೇಲೆ ಬೆನ್ನುನೋವಿನ ನಂಬರು. ಮೂರನೆಯದರ ಮೇಲೆ ಎರಡನೆಯದರದು. ಆರನೆಯ ಪುಸ್ತಕಕ್ಕೆ ಬರುವ ಹೊತ್ತಿಗೆ ಅವಳ ನಗು ಎಲ್ಲಿಗೋ ಹೋಗಿತ್ತು. ಪ್ರತಿ ಪುಸ್ತಕವೂ ತನ್ನ ಎಡಗಡೆಯ ಪುಸ್ತಕದ ಚೀಟಿ ಹೊತ್ತು ನಿಂತಿತ್ತು, ಮದುವೆಮನೆಯ ಬಾಗಿಲಲ್ಲಿ ಒಬ್ಬರು ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಹೊರಟ ಹಾಗೆ.

ಮೇಷ್ಟ್ರ ಪುಸ್ತಕ ಸಿಕ್ಕಿದ್ದು ಪಕ್ಕದ ಕೋಣೆಯಲ್ಲಿ, ಛಾಯಾಚಿತ್ರದ ಕಪಾಟಿನ ತುದಿಯಲ್ಲಿ. ಅದರ ಬೆನ್ನಿಗೆ ಛಾಯಾಚಿತ್ರದ ಕೊನೆಯ ಪುಸ್ತಕದ ಚೀಟಿ ಬಿದ್ದಿತ್ತು. ಸೋಮವಾರ ಕಪಾಟು ಓರಣ ಮಾಡಿದವರು ಚೀಟಿ ನೋಡಿ ನಿಷ್ಠೆಯಿಂದ ಅಲ್ಲಿ ಇಟ್ಟಿದ್ದರು. ಬೇರೆ ಯಾವ ಪುಸ್ತಕ ಹುಡುಕಿದವರೂ ದೂರು ಕೊಡದೆ ಇದ್ದದ್ದಕ್ಕೆ ಕಾರಣವೂ ಅವಳಿಗೆ ಹೊಳೆಯಿತು. ಬೇಕಾದ್ದು ಪಕ್ಕದಲ್ಲೇ ಇರುತ್ತಿತ್ತು. ಜನ ಹೆಗಲು ಕುಣಿಸಿ ತೆಗೆದುಕೊಂಡು ಹೋಗಿದ್ದರು.

ಎಲ್ಲಿಂದ ಶುರುವಾಯಿತು? ನಂಬರಕ್ಕ ಹುಡುಕುವುದರಲ್ಲಿ ಗಟ್ಟಿಗಿತ್ತಿ. ಕೊನೆಯ ಸುರುಳಿಗಳ ಪುಸ್ತಕಗಳನ್ನು ಮನಸ್ಸಿನಲ್ಲೇ ಅರ್ಧ ಮಾಡಿ ನಡುವಿನದನ್ನು ನೋಡಿದಳು, ತಪ್ಪಿತ್ತು. ಅದಕ್ಕಿಂತ ಹಿಂದಿನ ಅರ್ಧವನ್ನು ಮತ್ತೆ ಅರ್ಧ ಮಾಡಿ ನೋಡಿದಳು, ಸರಿ ಇತ್ತು. ಹಾಗಾದರೆ ಇವೆರಡರ ನಡುವೆ. ಹನ್ನೊಂದನೆಯ ಸಲಕ್ಕೆ ಜಾಗ ಸಿಕ್ಕಿತು. ಆರುನೂರ ಎಂಬತ್ತೊಂದು, ಗಡಿಯಾರಗಳು. ಅಲ್ಲಿಯವರೆಗೆ ಎಲ್ಲವೂ ಸರಿ. ಪಟ್ಟಿಯ ಪ್ರಕಾರ ಅಲ್ಲೊಂದು ತೆಳ್ಳನೆಯ ಗಡಿಯಾರ ರಿಪೇರಿಯ ಕೈಪಿಡಿ ಇರಬೇಕಿತ್ತು, ಇರಲಿಲ್ಲ. ಅದರ ಚೀಟಿ ಮುಂದಿನ ಪುಸ್ತಕಕ್ಕೆ ಬಿದ್ದು, ಮುಂದಿನದರದು ಅದರ ಮುಂದಿನದಕ್ಕೆ ಬಿದ್ದು, ಆಟದ ಪುಸ್ತಕಗಳು ಮುಗಿಯುವವರೆಗೆ ಹಾಗೇ ಜಾರುತ್ತ ಹೋಗಿತ್ತು. ಒಟ್ಟು ಸಾವಿರದ ನೂರ ಅರವತ್ತೆರಡು ಪುಸ್ತಕ.

"ಕೆಲಸ ನಡೀತಿರುವಾಗ ಕಪಾಟಿನಿಂದ ಪುಸ್ತಕ ಎತ್ತಿದವರು ಯಾರು? ಅವರ ಕೈ ಮುರೀಬೇಕು!" ಎಂದು ಬಯ್ಯುತ್ತ ತನ್ನ ಮೇಜಿಗೆ ಬಂದಳು, ಫೋನು ಎತ್ತಿಕೊಳ್ಳಲು. ಫೋನಿನ ಪಕ್ಕ, ಫೈಲುಗಳ ಕೆಳಗೆ, ತೆಳ್ಳನೆಯ ಗಡಿಯಾರ ರಿಪೇರಿಯ ಕೈಪಿಡಿ ಇತ್ತು. ಒಳಗೆ ಒಂದು ಚೀಟಿ: "ವಿಷಯಶೀರ್ಷಿಕೆ ಇನ್ನೊಮ್ಮೆ ನೋಡಬೇಕು." ಅಕ್ಷರ ಅವಳದೇ. ಗುರುವಾರ ಮಧ್ಯಾಹ್ನ ಕಣ್ಣು ಮುಚ್ಚಿ ಅಂಟಿಸಿ ಎಂದು ಹೇಳಿ ಹೊರಟವಳು ದಾರಿಯಲ್ಲಿ ಅದನ್ನು ಎಳೆದುಕೊಂಡು ಬಂದಿದ್ದಳು.

ಅವಳು ಫೋನು ಅಲ್ಲೇ ಬಿಟ್ಟು ಕೈಪಿಡಿ ಎತ್ತಿಕೊಂಡಳು. ಅಂಟಿಸುವ ಕೋಣೆಗೆ ಹೋಗಿ, ಮೂವರ ಮುಂದೆಯೂ ನಡೆದದ್ದನ್ನು ನಡೆದ ಹಾಗೆ ಹೇಳಿದಳು.

"ಕೊನೇಲಿ ಒಂದು ಚೀಟಿ ಮಿಕ್ಕಿರಬೇಕಲ್ಲ?"

ಅಂಟಣ್ಣ ಕನ್ನಡಕದ ಡಬ್ಬಿ ತೆಗೆದು, ಒಳಗಿನಿಂದ ಒಂದು ಚೀಟಿ ಎತ್ತಿ ಮೇಜಿನ ಮೇಲಿಟ್ಟ. ಮೀನು ಹಿಡಿಯುವುದರ ಬಗ್ಗೆ ಇದ್ದ ಕೊನೆಯ ಪುಸ್ತಕದ ನಂಬರು.

"ಮಿಕ್ಕಿದ್ದು ಗೊತ್ತಿದ್ದೂ ಹೇಳಲಿಲ್ಲ ಯಾಕೆ?"

ಅಂಟಣ್ಣ ಬೆರಳಿನ ಅಂಟು ಉಜ್ಜುತ್ತ ನಿಂತ. ಹಿರಿ ವಾರಗಿತ್ತಿ ಸೊಂಟದ ಮೇಲೆ ಕೈ ಇಟ್ಟಳು.

"ಕಣ್ಣು ಮುಚ್ಚಿ ಅಂದ್ರಿ, ಮುಚ್ಚಿದ್ವಿ. ಕಣ್ಣು ಮುಚ್ಚಿಸಿದೋರು ಬಾಯಿ ಒಂದನ್ನ ತೆಗೆದಿಟ್ಟಿರ್ತಾರಾ? ಹೇಳೋಕೆ ಬಂದಿದ್ರು ಅಂಟಣ್ಣ, ಶುಕ್ರವಾರ ಸಂಜೆ. ನೀವು ತಲೆ ಎತ್ತದೆ 'ಮುಗೀತಾ? ಭೇಷ್!' ಅಂದ್ರಿ."

ನೆನಪಾಯಿತು. ಮೇಜಿನ ಎದುರು ಯಾರೋ ಒಂದು ಗಳಿಗೆ ನಿಂತು ಹೋದದ್ದು, ಕಿಟಕಿಯ ಬೆಳಕು ಕೀಬೋರ್ಡಿನ ಮೇಲೆ ಸರಿದಾಡಿದ್ದು. ಹದಿನಾಲ್ಕು ವರ್ಷದಲ್ಲಿ ಹಾಗೆ ಎಷ್ಟು ಜನ ನಿಂತು ಹೋಗಿದ್ದರೋ. ತಾನು ಖಚಿತವಾಗಿ ಮಾತಾಡಿದ ಮೇಲೆ ಕೋಣೆ ಸುಮ್ಮನಾಗುವುದನ್ನು ಅವಳು ಯಾವಾಗಲೂ ಒಪ್ಪಿಗೆ ಎಂದೇ ತಿಳಿದಿದ್ದಳು.

ಮುಖ್ಯ ಗ್ರಂಥಪಾಲಕರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಕೆಟ್ಟವರಲ್ಲ, ಹೆದರುವವರು. ಎಲ್ಲದಕ್ಕೂ ಫೈಲಿನಲ್ಲಿ ಒಂದು ಕಾಗದ ಇದ್ದರೆ ಅವರಿಗೆ ನಿದ್ದೆ ಬರುತ್ತಿತ್ತು. ಅವರ ಕೋಣೆಯಲ್ಲಿ ಸಿಸ್ಟಮ್ ನೋಡಿಕೊಳ್ಳುವವನೂ ಇದ್ದ. ಏನೇ ಕೇಳಿದರೂ "ಬ್ಯಾಕಪ್ ಇದೆ" ಎನ್ನುತ್ತಿದ್ದುದರಿಂದ ಬ್ಯಾಕಪ್ ಎಂದೇ ಹೆಸರಾಗಿದ್ದವನು.

"ಇಷ್ಟಕ್ಕೆ ಯಾಕೆ ಮುಖ ಇಳಿಸಿಕೊಂಡಿದ್ದೀರಿ?" ಎಂದ ಬ್ಯಾಕಪ್. "ಪುಸ್ತಕ ಮುಟ್ಟೋದೇ ಬೇಡ. ದಾಖಲೆಗಳ ಕಡೆ ನಾನು ನಾಲ್ಕು ಸಾಲಿನ ಒಂದು ಆಜ್ಞೆ ಬರೀತೀನಿ. ಬೆನ್ನ ಮೇಲೆ ಏನಿದೆಯೋ ಅದೇ ಅದರ ನಂಬರು ಅಂತ ಬದಲಾಯಿಸಿಬಿಡೋಣ. ಎರಡು ನಿಮಿಷ. ಕಂಪ್ಯೂಟರು ಕಪಾಟು ಎರಡೂ ಒಂದೇ ಹೇಳುತ್ತೆ. ಅಧ್ಯಕ್ಷೆ ಭೂತಗನ್ನಡಿ ತಂದ್ರೂ ಸಿಗಲ್ಲ. ಬೇಡ ಅನಿಸಿದ್ರೆ ಬ್ಯಾಕಪ್ ಇದೆ."

ದೊಡ್ಡವರ ಮುಖ ಅರಳಿತು. ನಂಬರಕ್ಕ ತಕ್ಷಣ ಬೇಡವೆನ್ನಲಿಲ್ಲ. ಪರೀಕ್ಷೆಗೆಂದು ಇಟ್ಟ ಪ್ರತಿಯಲ್ಲಿ ಮಾಡಿ ತೋರಿಸಲು ಹೇಳಿದಳು. ಮಾಡಿ ತೋರಿಸಿದ. ನಿಜಕ್ಕೂ ಸೊಗಸಾಗಿತ್ತು. ಹುಡುಕಿದರೆ ಸಿಗುತ್ತಿತ್ತು, ಸಾಲು ಕ್ರಮದಲ್ಲಿತ್ತು. ವಿಷಯ ಬದಲಾಗುವ ನಲವತ್ತೊಂದು ಗಡಿಗಳಲ್ಲಿ ಮಾತ್ರ ಎಡವಟ್ಟು: ಸಂಗೀತದ ಮೊದಲ ಪುಸ್ತಕ ಛಾಯಾಚಿತ್ರವಾಗಿತ್ತು, ಈಜಿನ ಮೊದಲ ಪುಸ್ತಕ ಕುಸ್ತಿಯಾಗಿತ್ತು. ಆ ನಲವತ್ತೊಂದಕ್ಕೆ ಬೇರೆ ಚೀಟಿ ಹಾಕಿದರೆ ಮುಗಿಯಿತು.

ಪರದೆಯನ್ನು ನೋಡುತ್ತ ಅವಳು ಮುಂದಿನ ವರ್ಷವನ್ನು ಕಂಡಳು. ಹೊಸ ಪುಸ್ತಕ ಬಂದಾಗ ನಂಬರು ಕೊಡುವವರು ಮೊದಲು ಮಾಡುವುದೇನು? ಅಂಥದ್ದೇ ಹಳೆಯ ಪುಸ್ತಕಕ್ಕೆ ಏನು ಕೊಟ್ಟಿದ್ದಾರೆ ಎಂದು ನೋಡುತ್ತಾರೆ. ಅವಳೂ ಹಾಗೇ ಕಲಿತದ್ದು. ಪಕ್ಕದವನ ನಂಬರು ಹೊತ್ತ ಪುಸ್ತಕ ನೋಡಿ ಇನ್ನೊಂದು ಪುಸ್ತಕ, ಅದನ್ನು ನೋಡಿ ಮತ್ತೊಂದು. ಬೀಜದಲ್ಲಿ ಹುಳ ಬಿದ್ದರೆ ಬೆಳೆಯಲ್ಲಿ ಹುಡುಕಿ ಆರಿಸುವುದು ಯಾರು?

"ಬೇಡ" ಎಂದಳು. "ಚೀಟಿ ತಪ್ಪಿದ್ರೆ ಚೀಟಿ ಬದಲಾಯಿಸೋಣ. ದಾಖಲೆ ಸರಿ ಇದೆ, ಅದಕ್ಕೆ ಯಾಕೆ ಸುಳ್ಳು ಕಲಿಸೋದು?"

"ಸಾವಿರದ ಚಿಲ್ಲರೆ ಚೀಟಿ ಮುದ್ರಿಸೋಕೆ ಸುರುಳಿ ಎಲ್ಲಿದೆ? ಬರೋದು ಮುಂದಿನ ವಾರ" ಎಂದ ಬ್ಯಾಕಪ್.

"ನಾಳೆ ಒಂದು ದಿನ ಕೊಡಿ" ಎಂದಳು ದೊಡ್ಡವರಿಗೆ. ಹೇಗೆ ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಮಾಡಬಲ್ಲೆ ಎಂಬುದರಲ್ಲಿ ಅವಳಿಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ಬಡಿದರೂ ಬಾಗದ ಸ್ವಭಾವ.

ಹೇಗೆ ಎಂಬುದನ್ನು ಹೇಳಿದವನು ಅಂಟಣ್ಣ. ಈ ಸಲ ಅವಳು ಅವನ ಎದುರು ಸ್ಟೂಲು ಎಳೆದುಕೊಂಡು ಕೂತು, ಅವನಾಗಿ ಬಾಯಿ ಬಿಡುವವರೆಗೆ ಸುಮ್ಮನಿದ್ದಳು. ಎಷ್ಟು ಹೊತ್ತಾಯಿತೆಂದರೆ ಕಿರಿ ವಾರಗಿತ್ತಿ ಗಡಿಯಾರ ನೋಡಿಕೊಂಡಳು.

"ಹೊಸ ಚೀಟಿ ಯಾಕೆ ಬೇಕು ಅಕ್ಕಾ?" ಎಂದ ಕೊನೆಗೆ. "ಪ್ರತಿ ಪುಸ್ತಕದ ಸರಿಯಾದ ಚೀಟಿ ಬಲಗಡೆ ಇರೋ ಪುಸ್ತಕದ ಬೆನ್ನ ಮೇಲೆ ಇದ್ದೇ ಇದೆ. ಅಂಟಿಗೆ ಇನ್ನೂ ವಾರ ತುಂಬಿಲ್ಲ. ಬಿಸಿಗಾಳಿ ಕೊಟ್ರೆ ಹರಿಯದೆ ಏಳುತ್ತೆ. ಎಬ್ಬಿಸಿ ಎಡಕ್ಕೆ ಹಾಕೋದು. ತಲೆ ಒಣಗಿಸೋ ಮಿಷನ್ ಇದ್ರೆ ಸಾಕು."

ಬುಧವಾರ ಬೆಳಿಗ್ಗೆ ಎಂಟಕ್ಕೆ ಐದು ಹೇರ್ ಡ್ರೈಯರುಗಳು ಬಂದವು. ಎರಡು ವಾರಗಿತ್ತಿಯರವು, ಒಂದು ನಂಬರಕ್ಕನದು, ಒಂದು ಸಂಗೀತದ ಮೇಷ್ಟ್ರ ಹೆಂಡತಿಯದು. ಐದನೆಯದನ್ನು ಬ್ಯಾಕಪ್ ತಂದಿದ್ದ. ಅವನ ತಲೆಯಲ್ಲಿ ಒಣಗಿಸುವಷ್ಟು ಕೂದಲಿರಲಿಲ್ಲ.

"ಇದು ಯಾರದ್ದಪ್ಪ?" ಎಂದಳು ಕಿರಿ ವಾರಗಿತ್ತಿ.

"ನಂದೇ. ಹಳೇ ಕಾಲದ್ದು."

"ಕೂದಲಿಗೆ ಮಾತ್ರ ಬ್ಯಾಕಪ್ ಇಟ್ಟಿರಲಿಲ್ವಾ?"

ನಗುತ್ತಲೇ ಶುರುವಾಯಿತು. ಇದ್ದ ಸಾಲನ್ನು ಐದು ಭಾಗ ಮಾಡಿ ಐವರೂ ಒಂದೊಂದು ಹಿಡಿದರು. ಹದಿನೈದು ಎಣಿಸುವವರೆಗೆ ಬಿಸಿಗಾಳಿ, ತೆಳ್ಳನೆಯ ಚಾಕುವಿನ ಮೊನೆಯಿಂದ ಮೂಲೆ ಎಬ್ಬಿಸುವುದು, ಚೀಟಿಯನ್ನು ಎಡಗಡೆಯ ಪುಸ್ತಕಕ್ಕೆ ಕೂರಿಸುವುದು, ಸ್ಕ್ಯಾನರಿನಲ್ಲಿ ಬಾರ್‌ಕೋಡು ಓದಿಸಿ ಪರದೆಯ ನಂಬರಿಗೆ ತಾಳೆ ನೋಡುವುದು. ಮೊದಲ ಹತ್ತು ಪುಸ್ತಕಕ್ಕೆ ನಂಬರಕ್ಕನ ಎರಡು ಚೀಟಿ ಹರಿದವು. ಅಂಟಣ್ಣ ಏನೂ ಹೇಳದೆ ಬಂದು, ಅವಳ ಕೈಯಿಂದ ಚಾಕು ತೆಗೆದುಕೊಂಡು ಓರೆ ಮಾಡಿ ತೋರಿಸಿ, ಮತ್ತೆ ಕೈಗಿಟ್ಟು ಹೋದ. ಆಮೇಲೆ ಹರಿಯಲಿಲ್ಲ. ಓದುಗರು ಒಯ್ದಿದ್ದ ಹದಿನೇಳು ಪುಸ್ತಕಗಳ ಜಾಗದಲ್ಲಿ ರಟ್ಟಿನ ತುಂಡು ನಿಲ್ಲಿಸಿ, ಚೀಟಿಯನ್ನು ಅದರ ಮೇಲೆ ಕೂರಿಸಿದರು. ಆ ಪುಸ್ತಕಗಳ ಬೆನ್ನಿಗಂಟಿ ಹೊರಗೆ ಹೋದ ಚೀಟಿಗಳ ಬದಲಿಗೂ, ಹರಿದ ಎರಡರ ಬದಲಿಗೂ ಸದ್ಯಕ್ಕೆ ಕೈಬರಹದ ಚೀಟಿ ಹಾಕಿದರು. ಕೋಣೆಯಲ್ಲಿ ಬೆಚ್ಚಗಿನ ಅಂಟಿನ ವಾಸನೆ, ಐದು ಯಂತ್ರಗಳ ಗುಂಯ್‌ಗುಡುವಿಕೆ. ಸಾಲು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದು, ಅವರವರ ಚಪ್ಪಲಿ ಅವರವರ ಕಾಲಿಗೆ ಬರುತ್ತ ಹೋಯಿತು. ಸಂಜೆ ಐದೂವರೆಗೆ ಮೀನು ಹಿಡಿಯುವವನಿಗೂ ತನ್ನ ಚೀಟಿ ಸಿಕ್ಕಿತು.

ಮುಖ ತೊಳೆಯುವಾಗ ಹಿರಿ ವಾರಗಿತ್ತಿ ಪಕ್ಕಕ್ಕೆ ಬಂದಳು.

"ನಿಮಗೆ ಗೊತ್ತಿಲ್ಲ ಅನಿಸುತ್ತೆ. ನಿನ್ನೆ ದೊಡ್ಡವರು ಅಂಟಣ್ಣನ ಹತ್ರ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡಿದ್ದಾರೆ. ಗಮನ ಇಲ್ಲದೆ ಅಂಟಿಸಿದೆ, ತಪ್ಪು ನಂದು ಅಂತ. ಫೈಲಲ್ಲಿದೆ."

ನಂಬರಕ್ಕ ಒದ್ದೆ ಮುಖದಲ್ಲೇ ದೊಡ್ಡವರ ಕೋಣೆಗೆ ಹೋದಳು.

"ನಿಂತು ಕೇಳಿ" ಎಂದರು ಅವರು ಮೆಲ್ಲಗೆ. "ಅಂಟಿಸುವವನ ತಪ್ಪು ಅಂದ್ರೆ ಒಬ್ಬನ್ನ ತೆಗೆದರೆ ಮುಗೀತು. ಮೇಲ್ವಿಚಾರಕಿಯ ತಪ್ಪು ಅಂದ್ರೆ? 'ಜವಾಬ್ದಾರಿ ನಂದು' ಅಂತ ನೀವೇ ಹೇಳಿ ತಂದ ಕೆಲಸ ಇದು. ಕಂಪನಿಗೆ ಅಷ್ಟೇ ಬೇಕು. ಹನ್ನೊಂದು ಶಾಖೆಯೂ ಹೋಗುತ್ತೆ, ಆ ಹೆಂಗಸರದ್ದೂ ಹೋಗುತ್ತೆ. ಈಗ ಎಲ್ಲ ಸರಿಯಾಗಿದೆ. ಕೇಳಿದ್ರೆ ಮಾತ್ರ ಆ ಕಾಗದ. ಕೇಳದಿದ್ರೆ ಅದೂ ಇಲ್ಲ."

ಹೊರಗೆ ಅಂಟಣ್ಣ ಸೈಕಲ್ಲಿನ ಬೀಗ ತೆಗೆಯುತ್ತಿದ್ದ.

"ಯಾಕೆ ಸಹಿ ಹಾಕಿದೆ ಅಂಟಣ್ಣ?"

"ನನ್ನೊಬ್ಬಂದು ಹೋದ್ರೆ ಹೋಗ್ಲಿ ಅಕ್ಕಾ. ಆ ಇಬ್ಬರದ್ದು ಉಳಿಯುತ್ತಲ್ಲ. ನಂಗೂ ವಯಸ್ಸಾಯ್ತು" ಎಂದು ಪೆಡಲು ತುಳಿದ. ಇಷ್ಟು ಉದ್ದದ ಮಾತು ಅವನ ಬಾಯಲ್ಲಿ ಅವಳು ಕೇಳಿದ್ದು ಆ ವಾರ ಎರಡನೆಯ ಸಲ.

ಮನೆಯಲ್ಲಿ ಗಂಡ ಅಡುಗೆಮನೆಯ ಮೇಜಿಗೆ ತಟ್ಟೆ ಜೋಡಿಸುತ್ತಿದ್ದ. ಅವನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು. ಅತ್ತೆ ಹಿಂದೆ ಹೊಲಿಗೆಯವರು. ಈಗಲೂ ಕೈ ಸುಮ್ಮನಿರದೆ ಯಾವುದೋ ಅಂಗಿಯ ಕಾಲರು ಬಿಚ್ಚುತ್ತ ದೀಪದ ಕೆಳಗೆ ಕೂತಿದ್ದರು. ಅವಳು ಎಲ್ಲವನ್ನೂ ಹೇಳಿದಳು.

"ನಮ್ಮ ಅಂಗಡೀಲಿ ಸಾವಿರ ಸೀಸೆಗೆ ಪಕ್ಕದ ಸೀಸೆಯ ಚೀಟಿ ಬಿದ್ದಿದ್ರೆ ನಾನಿಲ್ಲಿ ತಟ್ಟೆ ಜೋಡಿಸ್ತಿರಲಿಲ್ಲ, ಕಂಬಿ ಎಣಿಸ್ತಿದ್ದೆ" ಎಂದ ಗಂಡ. "ನಿಮ್ಮದು ಪುಣ್ಯದ ಕೆಲಸ ಕಣೆ. ತಪ್ಪು ಪುಸ್ತಕ ಓದಿ ಸತ್ತವರಿಲ್ಲ."

ಅತ್ತೆ ದಾರದ ಎಳೆ ಎಳೆದರು. "ನೀನು ಬಾಯಿ ಬಿಟ್ರೆ ಮೂವರ ಕೆಲಸ ಹೋಗಬಹುದು. ಮುಚ್ಚಿಕೊಂಡ್ರೆ ಒಬ್ಬನದು. ಸುಲಭದ ಲೆಕ್ಕ ಅಲ್ವೇನೆ?"

"ಸುಲಭ ಅತ್ತೆ. ಅದಕ್ಕೇ ಅನುಮಾನ. ಗುರುವಾರ ಕಣ್ಣು ಮುಚ್ಚಿ ಅಂಟಿಸಿ ಅಂದಾಗಲೂ ಸುಲಭ ಅನಿಸಿತ್ತು."

ಅತ್ತೆ ಮತ್ತೆ ಕಾಲರಿಗೆ ತಲೆ ಬಗ್ಗಿಸಿದರು. ಆ ಮನೆಯಲ್ಲಿ ಅತ್ತೆ ಸುಮ್ಮನಾದರೆ ಅದಕ್ಕೆ ಹತ್ತು ಅರ್ಥ. ಈ ಸಲದ್ದು ಯಾವುದೆಂದು ಸೊಸೆ ಕೇಳಲಿಲ್ಲ. ಊಟ ಮುಗಿಸಿ ಲ್ಯಾಪ್‌ಟಾಪು ತೆಗೆದು ಒಂದು ಪುಟ ಬೆರಳಚ್ಚು ಮಾಡಿದಳು. ಪುಸ್ತಕಕ್ಕೆ ದಾಖಲೆ ಬರೆಯುವ ಹಾಗೆಯೇ ಬರೆದಳು: ಏನಾಯಿತು, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು, ಯಾರಿಂದ, ಹೇಗೆ ತಿಳಿಯಿತು, ಹೇಗೆ ಸರಿಯಾಯಿತು, ಸರಿ ಮಾಡುವ ದಾರಿ ಕಂಡವರು ಯಾರು. ವಿಶೇಷಣ ಒಂದೂ ಇಲ್ಲ. ಬರೆದು ಮುಗಿಸಿದಾಗ ಎದೆ ಹಗುರವೇನೂ ಆಗಲಿಲ್ಲ. ಆದರೂ ಒಂದು ಪದವನ್ನೂ ಅಳಿಸಲಿಲ್ಲ.

ಅಧ್ಯಕ್ಷೆ ಹಿಂದೆ ಆಸ್ಪತ್ರೆಯಲ್ಲಿ ಮೆಟ್ರನ್ ಆಗಿದ್ದವರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದು, ಕೈಚೀಲದಿಂದ ಹತ್ತು ನಂಬರುಗಳ ಪಟ್ಟಿ ತೆಗೆದರು. ಯಾರನ್ನೂ ಹತ್ತಿರ ಬಿಡದೆ ತಾವೇ ಕಪಾಟುಗಳ ನಡುವೆ ನಡೆದರು. ಅರ್ಧ ಗಂಟೆಯಲ್ಲಿ ಹತ್ತು ಪುಸ್ತಕ ತಂದು ಮೇಜಿನ ಮೇಲೆ ಜೋಡಿಸಿದರು. ಹತ್ತೂ ಸರಿ. ದೊಡ್ಡವರ ಮುಖದಲ್ಲಿ ಬೆಳದಿಂಗಳು. ಅಧ್ಯಕ್ಷೆ ಫೈಲು ಕೇಳಿದರು, ಪುಟ ತಿರುವಿದರು, ಒಂದು ಕಡೆ ನಿಂತರು.

"ಗಮನವಿಲ್ಲದೆ ಅಂಟಿಸಿದೆ... ಏನಿದು?"

ದೊಡ್ಡವರು ಪೆನ್ನಿನ ಮುಚ್ಚಳ ತಿರುಗಿಸಿದರು. ವಾರಗಿತ್ತಿಯರಿಬ್ಬರೂ ಆಯುಷ್ಯದಲ್ಲಿ ಮೊದಲ ಬಾರಿಗೆ ಒಟ್ಟಿಗೆ ಸುಮ್ಮನಿದ್ದರು. ಅಂಟಣ್ಣ ಬಾಗಿಲ ಹತ್ತಿರ ನೆಲ ನೋಡುತ್ತಿದ್ದ, ತಲೆ ಅಲ್ಲಾಡಿಸಿದನೋ ಏನೋ, ಬೇಡ ಎಂಬಂತೆ. ಕೋಣೆ ಸುಮ್ಮನಾಗುವುದನ್ನು ನಂಬರಕ್ಕ ಅಂದು ಮೊದಲ ಸಲ ಕಿವಿಗೊಟ್ಟು ಕೇಳಿದಳು. ಅದರೊಳಗೆ ಐದು ಜನರ ಐದು ಬೇರೆ ಬೇರೆ ಮಾತುಗಳಿದ್ದವು.

"ಆ ಕಾಗದ ಸುಳ್ಳು ಮೇಡಂ" ಎಂದು ತನ್ನ ಪುಟವನ್ನು ಮುಂದಿಟ್ಟಳು. "ಸಾವಿರದ ನೂರ ಅರವತ್ತೆರಡು ಪುಸ್ತಕಕ್ಕೆ ತಪ್ಪು ಚೀಟಿ ಬಿದ್ದಿತ್ತು. ಸಾಲಿನಿಂದ ಪುಸ್ತಕ ಎತ್ತಿದವಳು ನಾನು. ತಾಳೆ ನೋಡೋದು ಬೇಡ ಅಂದವಳೂ ನಾನು. ಕೂಗಿ ನೋಡಿದ್ರೆ ಒಳ್ಳೇದು ಅಂತ ಅಂಟಣ್ಣ ಅಂದಿದ್ರು. ನಿನ್ನೆ ಸರಿ ಮಾಡಿದ್ವಿ, ಅದಕ್ಕೆ ದಾರಿ ಹುಡುಕಿದ್ದು ಇವರೇ. ಶಾಖೆಗಳ ಕೆಲಸ ಕೊಡೋದು ಬಿಡೋದು ನಿಮಗೆ ಬಿಟ್ಟದ್ದು. ಕೊಟ್ರೆ ಚೆನ್ನಾಗಿ ಮಾಡ್ತೀವಿ. ಅದರಲ್ಲಿ ನನಗೆ ಅನುಮಾನ ಇಲ್ಲ."

ಮೆಟ್ರನ್ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ತಪ್ಪು ಮಾಡಿದ ಮೇಲೂ ನಿಮಗೆ ಅನುಮಾನ ಇಲ್ವಾ?"

"ನನ್ನ ಮೇಲೆ ಸ್ವಲ್ಪ ಬಂದಿದೆ. ಇವರ ಮೇಲೆ ಇಲ್ಲ."

"ಹಾಂ." ಅವರು ಕುರ್ಚಿಗೆ ಒರಗಿದರು. "ಮೂವತ್ತು ವರ್ಷ ವಾರ್ಡಿನ ರಿಜಿಸ್ಟರ್ ನೋಡಿದ್ದೀನಿ. ತಪ್ಪೇ ಇಲ್ಲದ ರಿಜಿಸ್ಟರ್ ಕಂಡ್ರೆ ನನಗೆ ಜ್ವರ ಬರುತ್ತೆ. ಆ ಕಂಪನಿಯವರು ಮೂರು ಊರಲ್ಲಿ ಕೆಲಸ ಮಾಡಿದ್ದಾರಂತೆ, ಒಂದೇ ಒಂದು ತಪ್ಪೂ ಆಗಿಲ್ವಂತೆ. ಬರೆದು ಕೊಟ್ಟಿದ್ದಾರೆ." ದೊಡ್ಡವರ ಕಡೆ ತಿರುಗಿ, ಅಂಟಣ್ಣನ ಕಾಗದವನ್ನು ಫೈಲಿನಿಂದ ಎಳೆದು ಅವರ ಕೈಗೆ ಕೊಟ್ಟರು. "ಇದನ್ನ ನೀವೇ ಹರಿದು ಹಾಕಿ, ನನ್ನ ಮುಂದೆ."

ಕಾಗದ ಹರಿಯುವ ಶಬ್ದ ಎಲ್ಲರಿಗೂ ಕೇಳಿಸಿತು.

"ಶಾಖೆಗಳ ಕೆಲಸ ಇವರಿಗೇ ಇರಲಿ. ಆದರೆ ನೀವು ಮೇಲ್ವಿಚಾರಣೆ ಮಾಡಬಾರದು" ಎಂದರು ನಂಬರಕ್ಕನಿಗೆ. "ದಾಖಲೆ ನಿಮ್ಮದು, ಪಟ್ಟಿ ನಿಮ್ಮದು. ಅಂಟಿಸೋ ಜಾಗದಲ್ಲಿ ಕೊನೆಯ ಮಾತು ಇವರದ್ದು." ಅವರ ಬೆರಳು ಬಾಗಿಲ ಹತ್ತಿರದ ಅಂಟಣ್ಣನ ಕಡೆ ತೋರಿಸಿತು. "ಇವರು ನಿಲ್ಲಿಸಿ ಅಂದ್ರೆ ನೀವು ನಿಲ್ಲಿಸಬೇಕು. ಒಪ್ಪಿಗೇನಾ?"

ಚುರುಕ್ಕೆಂದಿತು. ಹದಿನಾಲ್ಕು ವರ್ಷದಲ್ಲಿ ಅವಳನ್ನು ನಿಲ್ಲಿಸಿ ಎಂದವರಿರಲಿಲ್ಲ. ಕೆನ್ನೆ ಕೆಂಪಾದದ್ದು ಎಲ್ಲರಿಗೂ ಕಾಣುತ್ತಿತ್ತು, ಅವಳು ಅದನ್ನು ಅಡಗಿಸಲು ಹೋಗಲಿಲ್ಲ.

"ಒಪ್ಪಿಗೆ" ಎಂದಳು.

ಅಧ್ಯಕ್ಷೆ ಹೋದ ಮೇಲೆ ವಾರಗಿತ್ತಿಯರಿಗೆ ಮಾತು ಮರಳಿ ಬಂತು. ಕಿರಿಯವಳು ಅತ್ತಳು. ಹಿರಿಯವಳು ಅವಳನ್ನು ಬಯ್ಯುತ್ತ ತಾನೂ ಮೂಗು ಒರೆಸಿಕೊಂಡಳು. ಬ್ಯಾಕಪ್ ಓಡಿ ಹೋಗಿ ಚಹಾ ತಂದ. ಅಂಟಣ್ಣ ಮಾತ್ರ ಲೋಟ ಹಿಡಿದು, ಯಾರೋ ತನ್ನ ತಲೆಯ ಮೇಲೆ ಭಾರದ ಗಂಟು ಹೊರಿಸಿದ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ನಿಂತಿದ್ದ.

"ಹೇಳು ಅಂಟಣ್ಣ, ಮೊದಲ ಶಾಖೆ ಯಾವತ್ತು ಶುರು?" ಎಂದಳು ನಂಬರಕ್ಕ.

ಅವನು ಅವಳನ್ನು ನೋಡಿದ, ಲೋಟ ನೋಡಿದ, ಮತ್ತೆ ಅವಳನ್ನು ನೋಡಿದ. ಅವಳು ಕಾದಳು.

"ಸೋಮವಾರ" ಎಂದ. ಒಂದು ಗುಟುಕು ಕುಡಿದ. ಗಂಟಲು ಸರಿ ಮಾಡಿಕೊಂಡ. "ಎಂಟಕ್ಕೆ. ನೀವು ಯಾವಾಗಲೂ ಬರೋ ಹಾಗೆ ಎಂಟೂವರೆಗಲ್ಲ."